ಗಾಂಧೀಜಿ ಪ್ರಯಾಣಿಸಿದ ಸ್ಟೂಡಿಬೇಕರ್ ಕಾರು: ಧರ್ಮಸ್ಥಳ ಸಂಗ್ರಹದ ಒಂದು ಪರಿಚಯ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ನಮ್ಮ ಶ್ರಾವಕ ಕುಟುಂಬಗಳು ದಕ್ಷಿಣದ ಯಾತ್ರೆಗೆ ಹೊರಟರೆ ಶ್ರವಣಬೆಳಗೊಳ, ಮೂಡಬಿದಿರೆ, ಕಾರ್ಕಳ, ವೇಣೂರು ನೋಡಿ ಧರ್ಮಸ್ಥಳಕ್ಕೆ ಬರುವುದು ರೂಢಿ. ಅಲ್ಲಿ ದರ್ಶನ, ಪ್ರಸಾದ ಮುಗಿದ ಮೇಲೆ ಮಕ್ಕಳು ಹಿಡಿಯುವ ದಾರಿ ಒಂದೇ, ಹಳೆಯ ಕಾರುಗಳ ಸಂಗ್ರಹಾಲಯದ ಕಡೆಗೆ. ಆ ಸಂಗ್ರಹದಲ್ಲಿ ಹೆಚ್ಚು ಮಂದಿ ಕೇಳುವ ಕಾರು ಅಮೆರಿಕದ ಸ್ಟೂಡಿಬೇಕರ್ ಕಂಪನಿಯ ‘ಪ್ರೆಸಿಡೆಂಟ್’. ಮಹಾತ್ಮಾ ಗಾಂಧೀಜಿ ಕರ್ನಾಟಕ ಪ್ರವಾಸದಲ್ಲಿ ಇದನ್ನು ಬಳಸಿದ್ದರು ಎಂಬುದೇ ಅದರ ಖ್ಯಾತಿ.

ಈ ಕಾರಿನ ಮುಂದೆ ನಿಂತ ಮಕ್ಕಳು ಒಂದು ಪ್ರಶ್ನೆ ಕೇಳುತ್ತಾರೆ: ‘ಗಾಂಧೀಜಿ ಇಷ್ಟು ದೊಡ್ಡ ಕಾರು ಇಟ್ಟುಕೊಂಡಿದ್ದರೇ?’ ಇದಕ್ಕೆ ಸರಿಯಾದ ಉತ್ತರ ಕೊಡುವುದು ದೊಡ್ಡವರ ಕೆಲಸ. ಕಾರಿನ ಕಂಪನಿ ಯಾವುದು, ಗಾಂಧೀಜಿಗೂ ಕಾರಿಗೂ ಇದ್ದ ಸಂಬಂಧ ಏನು, ಅದು ಧರ್ಮಸ್ಥಳದಲ್ಲಿ ಇರುವುದರ ಅರ್ಥ ಏನು, ನಮ್ಮ ಅಪರಿಗ್ರಹ ವ್ರತಕ್ಕೂ ಇಂಥ ಸಂಗ್ರಹಕ್ಕೂ ಹೇಗೆ ಹೊಂದುತ್ತದೆ ಎಂಬುದನ್ನು ಒಂದೇ ಕಡೆ ಓದಲು ಸಿಗಲಿ ಎಂದು ಈ ಲೇಖನ. ಮನೆಯಲ್ಲಿ ಹಳೆಯ ಗಾಡಿ ಇಟ್ಟುಕೊಂಡವರಿಗೆ ಬೇಕಾದ ಕಾನೂನಿನ ಮಾಹಿತಿಯನ್ನೂ ಕೊನೆಯಲ್ಲಿ ಕೊಟ್ಟಿದೆ.

ಬಂಡಿ ಮಾಡುವ ಅಣ್ಣತಮ್ಮಂದಿರು

ಸ್ಟೂಡಿಬೇಕರ್ ಎಂಬುದು ಒಂದು ಮನೆತನದ ಹೆಸರು. 1852ರಲ್ಲಿ ಹೆನ್ರಿ ಮತ್ತು ಕ್ಲೆಮೆಂಟ್ ಎಂಬ ಅಣ್ಣತಮ್ಮಂದಿರು ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿನಲ್ಲಿ ಕಮ್ಮಾರಿಕೆಯ ಅಂಗಡಿ ಹಾಕಿದರು. ಕುದುರೆಗೆ ಲಾಳ ಕಟ್ಟುವುದು, ಬಂಡಿ ಮಾಡುವುದು ಅವರ ಕಸುಬು. ನಮ್ಮ ಕಡೆ ಚಕ್ಕಡಿ ಮಾಡುವ ಬಡಿಗೇರ, ಕಮ್ಮಾರ ಮನೆಗಳಿದ್ದಂತೆ ಅಂದುಕೊಳ್ಳಬಹುದು.

ಈ ಮನೆತನದ ಕಥೆಯಲ್ಲಿ ಜೈನ ಓದುಗರು ಗಮನಿಸಬೇಕಾದ ಒಂದು ಸಂಗತಿ ಇದೆ. ಅವರು ಕ್ರೈಸ್ತರಲ್ಲಿ ‘ಡಂಕರ್’ ಎಂಬ ಪಂಗಡಕ್ಕೆ ಸೇರಿದವರು. ಯುದ್ಧ ಕೂಡದು, ಆಯುಧ ಹಿಡಿಯಕೂಡದು ಎಂಬುದು ಆ ಪಂಗಡದ ನಂಬಿಕೆ. ಆದರೆ 1857ರ ಹೊತ್ತಿಗೆ ಅವರಿಗೆ ಸೈನ್ಯಕ್ಕೆ ಬಂಡಿ ಮಾಡಿಕೊಡುವ ದೊಡ್ಡ ಕೆಲಸ ಬಂತು. ವ್ಯಾಪಾರಕ್ಕೆ ಲಾಭ, ವ್ರತಕ್ಕೆ ಭಂಗ. ಹಿರಿಯಣ್ಣ ಹೆನ್ರಿಗೆ ಯುದ್ಧಕ್ಕೆ ಬಂಡಿ ಕಟ್ಟಿಕೊಡುವುದು ಒಪ್ಪಿಗೆಯಾಗಲಿಲ್ಲ. 1858ರಲ್ಲಿ ತನ್ನ ಪಾಲನ್ನು ತಮ್ಮ ಜಾನ್‌ನಿಗೆ ಮಾರಿ ಒಕ್ಕಲುತನಕ್ಕೆ ಹೋದ. ಜಾನ್ ಕ್ಯಾಲಿಫೋರ್ನಿಯಾದ ಚಿನ್ನದ ಗಣಿ ಪ್ರದೇಶಕ್ಕೆ ಹೋಗಿದ್ದವನು. ಅಲ್ಲಿ ಚಿನ್ನ ಅಗೆಯುವ ಬದಲು ಚಿನ್ನ ಅಗೆಯುವವರಿಗೆ ಒಂಟಿಗಾಲಿಯ ಕೈಗಾಡಿ ಮಾಡಿ ಮಾರಿ 8,000 ಡಾಲರ್ ಕೂಡಿಸಿಕೊಂಡು ಬಂದಿದ್ದ. ಆ ಹಣವೇ ಕಂಪನಿಗೆ ಬಂಡವಾಳವಾಯಿತು. ಮುಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಸೈನ್ಯಕ್ಕೆ ಬಂಡಿ ಒದಗಿಸಿ ಕಂಪನಿ ಬೆಳೆಯಿತು.

ಯಾವ ವ್ಯಾಪಾರ ಮಾಡಬಹುದು, ಯಾವುದನ್ನು ಬಿಡಬೇಕು ಎಂಬ ವಿಚಾರ ನಮ್ಮ ಶ್ರಾವಕಾಚಾರದಲ್ಲಿ ಬಹಳ ಹಳೆಯದು. ಹಿಂಸೆಗೆ ನೇರವಾಗಿ ದಾರಿಯಾಗುವ ಉದ್ಯೋಗಗಳನ್ನು ಶ್ರಾವಕ ಬಿಡಬೇಕೆಂದು ನಮ್ಮ ಆಚಾರ್ಯರು ಹೇಳಿದ್ದಾರೆ. ಏಳು ಸಮುದ್ರದ ಆಚೆ, ನಮ್ಮ ಶಾಸ್ತ್ರದ ಗಂಧ ಇಲ್ಲದ ಒಬ್ಬ ಕಮ್ಮಾರನಿಗೂ ಅದೇ ಪ್ರಶ್ನೆ ಎದುರಾಗಿತ್ತು. ಅವನು ಲಾಭ ಬಿಟ್ಟು ಹೊರಗೆ ಬಂದ. ಉಳಿದವರು ಮುಂದುವರಿಸಿದರು.

ಕಂಪನಿ 1902ರಲ್ಲಿ ಬ್ಯಾಟರಿಯಿಂದ ಓಡುವ ಕಾರು, 1904ರಲ್ಲಿ ಪೆಟ್ರೋಲ್ ಕಾರು ಹೊರತಂದಿತು. ಈಗ ಹೊಸದು ಎಂದು ನಾವು ಬೆರಗಾಗುವ ಎಲೆಕ್ಟ್ರಿಕ್ ಕಾರು ನೂರಿಪ್ಪತ್ತು ವರ್ಷದ ಹಿಂದೆಯೇ ಇತ್ತು. ಕುದುರೆ ಬಂಡಿಯ ದೊಡ್ಡ ಕಾರಖಾನೆಗಳಲ್ಲಿ ಕಾರಿನ ಕಾಲಕ್ಕೆ ದಾಟಿ ಗಟ್ಟಿಯಾಗಿ ನಿಂತದ್ದು ಬಹಳ ಕಡಿಮೆ. ಸ್ಟೂಡಿಬೇಕರ್ ಅಂಥದ್ದರಲ್ಲಿ ಒಂದು.

‘ಪ್ರೆಸಿಡೆಂಟ್’ ಎಂಬ ಕಾರು

1926ರಲ್ಲಿ ಕಂಪನಿ ತನ್ನ ಅತ್ಯಂತ ಮೇಲ್ದರ್ಜೆಯ ಕಾರಿಗೆ ‘ಪ್ರೆಸಿಡೆಂಟ್’ ಎಂದು ಹೆಸರಿಟ್ಟಿತು. ಮೊದಲು ಆರು ಸಿಲಿಂಡರ್ ಎಂಜಿನ್ ಇತ್ತು. 1928ರಿಂದ ಎಂಟು ಸಿಲಿಂಡರ್ ಬಂತು. ಎಂಟೂ ಒಂದೇ ಸಾಲಿನಲ್ಲಿ ಒಂದರ ಹಿಂದೆ ಒಂದು ನಿಂತಿರುತ್ತವೆ. ಆದ್ದರಿಂದ ಎಂಜಿನ್ ಉದ್ದ, ಅದರ ಮೇಲಿನ ಬಾನೆಟ್ ಇನ್ನೂ ಉದ್ದ. ಸಂಗ್ರಹಾಲಯದಲ್ಲಿ ಆ ಕಾಲದ ಅಮೆರಿಕನ್ ಕಾರುಗಳ ಮೂತಿ ಅಷ್ಟು ಉದ್ದವಾಗಿ ಏಕೆ ಕಾಣುತ್ತದೆ ಎಂಬುದಕ್ಕೆ ಇದೇ ಕಾರಣ. ಡೆಲ್ಮಾರ್ ರೂಸ್ ಎಂಬ ಎಂಜಿನಿಯರ್ ರೂಪಿಸಿದ ಈ ಎಂಜಿನ್ ಸುಮಾರು 5.1 ಲೀಟರಿನದು, 100 ಅಶ್ವಶಕ್ತಿಯದು. 1929ರ ಹೊತ್ತಿಗೆ ಅದು 5.5 ಲೀಟರ್, 115 ಅಶ್ವಶಕ್ತಿಗೆ ಏರಿತು. ಇಂದು ನಾವು ಓಡಿಸುವ ಸಣ್ಣ ಕಾರುಗಳ ಎಂಜಿನ್ 1 ಅಥವಾ 1.2 ಲೀಟರ್ ಇರುತ್ತದೆ ಎಂಬುದನ್ನು ನೆನೆದರೆ ಅದರ ಗಾತ್ರ ತಿಳಿಯುತ್ತದೆ.

ಗಟ್ಟಿತನ ತೋರಿಸಲು ಕಂಪನಿ 1928ರಲ್ಲಿ ನಾಲ್ಕು ಪ್ರೆಸಿಡೆಂಟ್ ಕಾರುಗಳನ್ನು ಅಮೆರಿಕದ ಅಟ್ಲಾಂಟಿಕ್ ಸಿಟಿ ಓಟದ ಪಥದಲ್ಲಿ ಹಗಲೂ ರಾತ್ರಿ ಓಡಿಸಿತು. ಅತಿ ವೇಗದ ಕಾರು 30,000 ಮೈಲಿಯನ್ನು 26,326 ನಿಮಿಷಗಳಲ್ಲಿ ಮುಗಿಸಿತು. ಲೆಕ್ಕ ಹಾಕಿದರೆ 48,000 ಕಿಲೋಮೀಟರು ದಾರಿ ಹತ್ತೊಂಬತ್ತು ದಿನದೊಳಗೆ, ತಾಸಿಗೆ ಸರಾಸರಿ 110 ಕಿಲೋಮೀಟರು ವೇಗದಲ್ಲಿ. ಸುಮಾರು ನೂರು ವರ್ಷದ ಹಿಂದಿನ ಮಾತು ಇದು.

ಆ ಕಾಲದಲ್ಲಿ ನಮ್ಮ ದೇಶದಲ್ಲಿ ಕಾರು ತಯಾರಾಗುತ್ತಿರಲಿಲ್ಲ. ಎಲ್ಲವೂ ಹಡಗಿನಲ್ಲಿ ಬರುತ್ತಿದ್ದವು. 1928ರಲ್ಲಿ ಜನರಲ್ ಮೋಟರ್ಸ್ ಕಂಪನಿ ಮುಂಬೈಯಲ್ಲಿ ಬಿಡಿಭಾಗ ತಂದು ಜೋಡಿಸುವ ಕೆಲಸ ಶುರು ಮಾಡಿತು. ಇಂಗ್ಲೆಂಡಿನ ಕಾರುಗಳಿಗಿಂತ ಅಮೆರಿಕದ ಕಾರುಗಳು ನೆಲದಿಂದ ಎತ್ತರವಾಗಿದ್ದವು, ಎಂಜಿನ್ ಬಲ ಹೆಚ್ಚಿತ್ತು. ಕಲ್ಲು ಮಣ್ಣಿನ ರಸ್ತೆ, ಹಳ್ಳ, ಘಟ್ಟ ಇರುವ ನಮ್ಮ ನಾಡಿಗೆ ಅವೇ ಹೊಂದುತ್ತಿದ್ದವು. ಆದ್ದರಿಂದ ದೇಶದ ಅನುಕೂಲಸ್ಥರ ಮನೆಗಳಲ್ಲಿ, ಎಸ್ಟೇಟುಗಳಲ್ಲಿ ಅವು ಕಾಣುತ್ತಿದ್ದವು.

ಕಂಪನಿ ಕೆಟ್ಟ ಬಗೆ

ಇಷ್ಟು ಒಳ್ಳೆಯ ಕಾರು ಮಾಡಿದ ಕಂಪನಿ ಈಗ ಇಲ್ಲ. ಅದು ಕೆಟ್ಟ ಬಗೆ ವ್ಯಾಪಾರಸ್ಥರು ತಿಳಿಯಬೇಕಾದದ್ದು. 1929ರ ಕೊನೆಗೆ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ ಬಂತು. ಕಾರಿನ ಮಾರಾಟ ಬಿತ್ತು. ಆಗಿನ ಅಧ್ಯಕ್ಷ ಆಲ್ಬರ್ಟ್ ಅರ್ಸ್ಕಿನ್, ಮಂದಿ ಬೇಗ ಮುಗಿಯುತ್ತದೆ ಎಂದು ನಂಬಿ, ಷೇರುದಾರರಿಗೆ ಹಿಂದಿನಂತೆಯೇ ದೊಡ್ಡ ಲಾಭಾಂಶ ಹಂಚಿದರು. 1930ರಲ್ಲಿ ಬಂದ ನಿವ್ವಳ ಲಾಭಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಂಚಿದರು. ಅಂದರೆ ಲಾಭ ಹಂಚಲಿಲ್ಲ, ಗಂಟು ಹಂಚಿದರು. 1933ರಲ್ಲಿ ಕಂಪನಿ ದಿವಾಳಿ ಎದ್ದಿತು. ಅದೇ ವರ್ಷ ಅರ್ಸ್ಕಿನ್ ದುರಂತದ ಸಾವು ಕಂಡರು. ಪೇಟೆಯಲ್ಲಿ ಮರ್ಯಾದೆ ಉಳಿಸಿಕೊಳ್ಳಲು ಅಸಲು ತಿನ್ನುವವರು ಎಲ್ಲ ಕಾಲಕ್ಕೂ ಇದ್ದಾರೆ. ನಮ್ಮ ಹಿರಿಯರು ಅಡತಿ ಅಂಗಡಿಯಲ್ಲಿ ಕೂತು ಹೇಳಿಕೊಟ್ಟ ಪಾಠವೇ ಇದು.

ಮುಂದೆ ಬೇರೆಯವರು ಕಂಪನಿಯನ್ನು ಎತ್ತಿ ನಿಲ್ಲಿಸಿದರು. 1942ರವರೆಗೆ ಪ್ರೆಸಿಡೆಂಟ್ ಕಾರು ಬಂತು. 1954ರಲ್ಲಿ ಪ್ಯಾಕರ್ಡ್ ಕಂಪನಿಯೊಡನೆ ಸ್ಟೂಡಿಬೇಕರ್ ಒಂದಾಯಿತು. 1963ರ ಡಿಸೆಂಬರಿನಲ್ಲಿ ಸೌತ್ ಬೆಂಡಿನ ಕಾರು ಕಾರಖಾನೆ ಮುಚ್ಚಿತು. 1966ರಲ್ಲಿ ಕೆನಡಾದ ಕೊನೆಯ ಕಾರಖಾನೆಯೂ ನಿಂತಿತು. ಬಂಡಿ ಅಂಗಡಿ ಶುರುವಾದ 114 ವರ್ಷಗಳಿಗೆ ಆ ಹೆಸರಿನ ಗಾಡಿ ಬರುವುದು ನಿಂತುಹೋಯಿತು. ಹೀಗಾಗಿ ಉಳಿದಿರುವ ಒಂದೊಂದು ಕಾರಿಗೂ ಬೆಲೆ.

ಗಾಂಧೀಜಿ ಮತ್ತು ಕಾರು

ಈಗ ಮಕ್ಕಳ ಪ್ರಶ್ನೆಗೆ ಬರೋಣ. ಗಾಂಧೀಜಿ ಕಾರಿನ ಮಾಲೀಕರಾಗಿರಲಿಲ್ಲ. ಅವರು ರೈಲಿನಲ್ಲಿ ಮೂರನೆಯ ದರ್ಜೆಯಲ್ಲಿ ಪ್ರಯಾಣ ಮಾಡುತ್ತಿದ್ದರು. ರೈಲು ಇಲ್ಲದ ಕಡೆ ಊರಿನ ಕಾರ್ಯಕರ್ತರು ಯಾರಾದರೂ ಅನುಕೂಲಸ್ಥರಿಂದ ಕಾರು ಕೇಳಿ ತರುತ್ತಿದ್ದರು. ದಿನಕ್ಕೆ ಹತ್ತಾರು ಊರು ಮುಟ್ಟಬೇಕಾದಾಗ ಬೇರೆ ದಾರಿ ಇರಲಿಲ್ಲ. ಆದ್ದರಿಂದ ‘ಗಾಂಧೀಜಿಯ ಕಾರು’ ಎನ್ನುವುದಕ್ಕಿಂತ ‘ಗಾಂಧೀಜಿ ಪ್ರಯಾಣಿಸಿದ ಕಾರು’ ಎನ್ನುವುದು ಸರಿ. ಒಂದು ಶಬ್ದದ ವ್ಯತ್ಯಾಸ ಅನ್ನಿಸಬಹುದು. ಆದರೆ ಆ ಒಂದು ಶಬ್ದದಲ್ಲಿ ಅವರ ಇಡೀ ಬದುಕು ಇದೆ.

ಗಾಂಧೀಜಿ ಕರ್ನಾಟಕಕ್ಕೆ ಹಲವು ಸಲ ಬಂದರು. 1915ರಲ್ಲಿ ಬೆಂಗಳೂರಿಗೆ ಬಂದರು. 1918ರ ಮೇ ತಿಂಗಳಲ್ಲಿ ನಮ್ಮ ವಿಜಯಪುರದಲ್ಲೇ ನಡೆದ ಮುಂಬೈ ಪ್ರಾಂತೀಯ ಸಮ್ಮೇಳನಕ್ಕೆ ಬಂದು ಮಾತಾಡಿದರು. 1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾದರು. 1927ರಲ್ಲಿ ಆರೋಗ್ಯ ಸುಧಾರಣೆಗೆಂದು ನಂದಿ ಬೆಟ್ಟದಲ್ಲಿ, ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಇದ್ದರು. 1934ರಲ್ಲಿ ಹರಿಜನ ಪ್ರವಾಸದ ಭಾಗವಾಗಿ ಕೊಡಗು, ಮಂಗಳೂರು ಮೊದಲಾದ ಕಡೆ ತಿರುಗಿದರು. 1937ರಲ್ಲಿ ಬೆಳಗಾವಿ ಜಿಲ್ಲೆಯ ಹುದಲಿಗೆ ಬಂದರು.

ಹರಿಜನ ಪ್ರವಾಸ 1933ರ ನವೆಂಬರಿನಲ್ಲಿ ವಾರ್ಧಾದಿಂದ ಆರಂಭವಾಗಿ ಸುಮಾರು ಒಂಬತ್ತು ತಿಂಗಳು ನಡೆಯಿತು. ಒಟ್ಟು ದಾರಿ ಸುಮಾರು 12,500 ಮೈಲಿ. ಅಸ್ಪೃಶ್ಯತೆ ನಿವಾರಣೆಗೆ ಸುಮಾರು 8 ಲಕ್ಷ ರೂಪಾಯಿ ನಿಧಿ ಕೂಡಿತು. ಕೊಡಗಿನಲ್ಲಿ ಲೇಖಕಿ ಕೊಡಗಿನ ಗೌರಮ್ಮ, ಗಾಂಧೀಜಿ ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತರು. ಅವರು ಬಂದಾಗ ಮೈಮೇಲಿನ ಒಡವೆ ಬಿಚ್ಚಿ ನಿಧಿಗೆ ಕೊಟ್ಟರು. ಅಂಥ ಮನೆಗಳಿಗೆ, ಅಂಥ ಘಟ್ಟದ ದಾರಿಗಳಲ್ಲಿ ಗಾಂಧೀಜಿಯನ್ನು ಮುಟ್ಟಿಸಿದ್ದು ಬೇರೆಯವರು ಕೊಟ್ಟ ಕಾರುಗಳೇ.

ಅದೇ ಪ್ರವಾಸದಲ್ಲಿ ಕಾರು ಅಪಾಯಕ್ಕೂ ಗುರಿಯಾಯಿತು. 1934ರ ಏಪ್ರಿಲಿನಲ್ಲಿ ಬಿಹಾರದ ದೇವಘರದ ಬಳಿ ವಿರೋಧಿಗಳು ಗಾಂಧೀಜಿ ಕೂತಿದ್ದ ಕಾರಿನ ಮೇಲೆ ಬಿದ್ದು ಹಿಂದಿನ ಗಾಜು ಒಡೆದರು. ಜೂನ್ 25ರಂದು ಪುಣೆಯಲ್ಲಿ ಗಾಂಧೀಜಿ ಇದ್ದಾರೆಂದು ತಿಳಿದು ಬೇರೊಂದು ಕಾರಿನ ಮೇಲೆ ಬಾಂಬು ಎಸೆದರು. ಈ ಎರಡು ಘಟನೆಗಳ ನಡುವೆ ಮೇ 9ರಂದು ಒಡಿಶಾದ ಪುರಿಯಿಂದ ಗಾಂಧೀಜಿ ಕಾರು, ರೈಲು ಬಿಟ್ಟು ಕಾಲ್ನಡಿಗೆ ಆರಂಭಿಸಿದ್ದರು. ಧರ್ಮದ ಮಾತನ್ನು ನಡೆದೇ ಮುಟ್ಟಿಸಬೇಕು ಎಂಬುದು ಅವರ ವಿಚಾರವಾಗಿತ್ತು. ಮುನಿಮಹಾರಾಜರ ವಿಹಾರವನ್ನು ಕಂಡು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿಚಾರದ ಬೇರು ಕೂಡ ನಮ್ಮ ಕಡೆಗೇ ಬರುತ್ತದೆ. 1888ರಲ್ಲಿ ಇಂಗ್ಲೆಂಡಿಗೆ ಹೊರಟ ಗಾಂಧೀಜಿಗೆ ಮದ್ಯ, ಮಾಂಸ, ಪರಸ್ತ್ರೀ ಸಂಗ ಮುಟ್ಟುವುದಿಲ್ಲ ಎಂಬ ಪ್ರತಿಜ್ಞೆ ಮಾಡಿಸಿದವರು ಬೇಚರ್‌ಜಿ ಸ್ವಾಮಿ ಎಂಬ ಜೈನ ಸಾಧುಗಳು. 1891ರಲ್ಲಿ ತಿರುಗಿ ಬಂದಾಗ ಮುಂಬೈಯಲ್ಲಿ ಭೇಟಿಯಾದವರು ಶ್ರೀಮದ್ ರಾಜಚಂದ್ರರು. ಅವರು ಮುತ್ತು ರತ್ನದ ವ್ಯಾಪಾರಿ. ಅಂಗಡಿಯಲ್ಲಿ ಕೂತು ಲಕ್ಷಾಂತರ ರೂಪಾಯಿಯ ವ್ಯವಹಾರ ಮುಗಿಸಿದ ಕೂಡಲೇ ಧರ್ಮಗ್ರಂಥ ಬಿಚ್ಚಿ ಕೂಡುತ್ತಿದ್ದರು. 1894ರಲ್ಲಿ ದಕ್ಷಿಣ ಆಫ್ರಿಕಾದಿಂದ ಗಾಂಧೀಜಿ ಧರ್ಮದ ಬಗೆಗೆ 27 ಪ್ರಶ್ನೆ ಬರೆದು ಕಳಿಸಿದ್ದು ಅವರಿಗೇ. ಆಸ್ತಿಯ ನಡುವೆ ಇದ್ದೂ ಆಸ್ತಿಗೆ ಅಂಟದೆ ಇರುವುದು ಹೇಗೆ ಎಂಬುದನ್ನು ಗಾಂಧೀಜಿ ಕಂಡದ್ದು ಒಬ್ಬ ಜೈನ ವ್ಯಾಪಾರಿಯಲ್ಲಿ.

ಧರ್ಮಸ್ಥಳದ ಸಂಗ್ರಹ

ಧರ್ಮಸ್ಥಳದ ಪರಂಪರೆ ಎಲ್ಲರಿಗೂ ಗೊತ್ತು. ಶ್ರೀ ಮಂಜುನಾಥ ಸ್ವಾಮಿ ಶಿವ, ಅರ್ಚಕರು ಮಾಧ್ವ ವೈಷ್ಣವರು, ಧರ್ಮಾಧಿಕಾರಿಗಳು ಜೈನರಾದ ಹೆಗ್ಗಡೆ ಮನೆತನದವರು. ಅನ್ನ, ಔಷಧ, ವಿದ್ಯೆ, ಅಭಯ ಎಂಬ ನಾಲ್ಕು ದಾನಗಳು ಅಲ್ಲಿಯ ನೇಮ. ಪೂಜ್ಯ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1968ರ ಅಕ್ಟೋಬರ್ 24ರಂದು 21ನೆಯ ಧರ್ಮಾಧಿಕಾರಿಗಳಾಗಿ ಪಟ್ಟಕ್ಕೆ ಬಂದಾಗ ಅವರಿಗೆ ಇನ್ನೂ 20 ತುಂಬಿರಲಿಲ್ಲ. 1972ರಿಂದ ಸಾಮೂಹಿಕ ವಿವಾಹ, 1982ರಿಂದ ಗ್ರಾಮಾಭಿವೃದ್ಧಿ ಯೋಜನೆ ನಡೆದು ಬಂದಿವೆ. 2015ರಲ್ಲಿ ಪದ್ಮವಿಭೂಷಣ ಬಂತು. 2022ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು.

ಹಳೆಯ ವಸ್ತುಗಳನ್ನು ಕಾಪಾಡುವುದು ಹೆಗ್ಗಡೆಯವರಿಗೆ ಮೊದಲಿನಿಂದಲೂ ಇರುವ ಆಸಕ್ತಿ. ‘ಮಂಜೂಷಾ’ ಎಂದರೆ ಪೆಟ್ಟಿಗೆ. ಆ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ ಹಸ್ತಪ್ರತಿ, ವಿಗ್ರಹ, ಮರದ ರಥ, ಹಳೆಯ ಕ್ಯಾಮರಾ, ವಾದ್ಯ, ದಿನಬಳಕೆಯ ಪಾತ್ರೆ ಪಡಗ ಎಲ್ಲ ಇವೆ. ಅದರ ಜೊತೆಗೆ ಬೆಳೆದದ್ದು ಕಾರುಗಳ ಸಂಗ್ರಹ. 2023ರಲ್ಲಿ ಬೆಂಗಳೂರು ಮೈಸೂರು ಹೆದ್ದಾರಿಯ ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಎಂಬ ಹೆಸರಿನಲ್ಲಿ ಮತ್ತೊಂದು ಕಾರು ಸಂಗ್ರಹಾಲಯವನ್ನು ಹೆಗ್ಗಡೆಯವರು ತೆರೆದರು.

ಧರ್ಮಸ್ಥಳದಲ್ಲಿ ವಾಹನದ ಮಾತು ಬಂದಾಗ ಇನ್ನೊಂದು ಪ್ರಯಾಣ ಮರೆಯಬಾರದು. ರತ್ನಗಿರಿಯ ಮೇಲಿರುವ 39 ಅಡಿಯ ಬಾಹುಬಲಿ ಮೂರ್ತಿಯನ್ನು ಶ್ರೀ ರತ್ನವರ್ಮ ಹೆಗ್ಗಡೆಯವರ ಸಂಕಲ್ಪದಂತೆ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕೆತ್ತಿದರು. 1973ರಲ್ಲಿ ಆ ಏಕಶಿಲೆಯನ್ನು 64 ಚಕ್ರಗಳ ಟ್ರಾಲಿಯ ಮೇಲೆ ಮಲಗಿಸಿ ಧರ್ಮಸ್ಥಳಕ್ಕೆ ತಂದರು. 1982ರಲ್ಲಿ ಪ್ರತಿಷ್ಠೆಯಾಯಿತು. ಎಲ್ಲವನ್ನೂ ಬಿಟ್ಟು ನಿಂತ ಸ್ವಾಮಿಯನ್ನು ತರಲು ಅಷ್ಟು ಚಕ್ರ ಬೇಕಾದವು.

ಪರಿಗ್ರಹ ಎಂದರೆ ಯಾವುದು

ಅಪರಿಗ್ರಹ ಹೇಳುವ ಧರ್ಮದವರು ಹತ್ತಾರು ಐಷಾರಾಮಿ ಕಾರು ಇಟ್ಟುಕೊಳ್ಳಬಹುದೇ ಎಂದು ಕೆಲವು ಯುವಕರು ಕೇಳುವುದುಂಟು. ಕೇಳಲಿ. ಉತ್ತರವನ್ನು ಶಾಸ್ತ್ರ ಹೇಳುತ್ತದೆ.

ದಿಗಂಬರ ಪರಂಪರೆಯಲ್ಲಿ ಬಾಹ್ಯ ಪರಿಗ್ರಹ ಹತ್ತು. ಹೊಲ, ಮನೆ, ಧನ, ಧಾನ್ಯ, ಆಳುಕಾಳು, ದನಕರು, ಯಾನ, ಹಾಸಿಗೆ ಆಸನ, ಬಟ್ಟೆಬರೆ, ಪಾತ್ರೆ ಪಡಗ. ಗಮನಿಸಿ, ಯಾನ ಅಂದರೆ ವಾಹನ ಆ ಪಟ್ಟಿಯಲ್ಲೇ ಇದೆ. ಮುನಿಗಳು ಹತ್ತನ್ನೂ ಪೂರ್ತಿ ಬಿಟ್ಟವರು. ಅದಕ್ಕೇ ಅವರು ಕಾಲ್ನಡಿಗೆಯಲ್ಲಿ ವಿಹಾರ ಮಾಡುತ್ತಾರೆ. ಗೃಹಸ್ಥನಿಗೆ ಹೇಳಿದ್ದು ಪರಿಗ್ರಹ ಪರಿಮಾಣ. ಅಂದರೆ ಇಷ್ಟು ಸಾಕು ಎಂದು ಅಳತೆ ಹಾಕಿಕೊಳ್ಳುವುದು. ವಸ್ತುವಿಗಿಂತ ಅದರ ಮೇಲಿನ ಮೋಹವೇ ಪರಿಗ್ರಹ ಎಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ.

ಒಬ್ಬನ ಷೆಡ್ಡಿನಲ್ಲಿ ಬೀಗ ಹಾಕಿ ಇಟ್ಟ ಕಾರಿಗೂ, ಯಾತ್ರೆಗೆ ಬಂದ ಹಳ್ಳಿಯ ಮಗು ಹತ್ತಿರ ನಿಂತು ನೋಡುವ ಕಾರಿಗೂ ಇಲ್ಲಿ ವ್ಯತ್ಯಾಸ ಬರುತ್ತದೆ. ಬೀಗದೊಳಗಿನದು ಆಸ್ತಿ. ಎಲ್ಲರೂ ನೋಡುವಂಥದ್ದು ಒಂದು ರೀತಿಯ ವಿದ್ಯಾದಾನ. ಆದರೂ ಸಂಗ್ರಹ ಮಾಡುವ ಪ್ರತಿಯೊಬ್ಬರೂ, ಚಿಕ್ಕವರಾಗಲಿ ದೊಡ್ಡವರಾಗಲಿ, ಅಳತೆಯ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕು. ಮಗಳ ಮದುವೆಗೆ, ಮಗನ ಹಟಕ್ಕೆ ಸಾಲ ಮಾಡಿ ದೊಡ್ಡ ಕಾರು ತರುವ ಚಾಲಿ ನಮ್ಮ ಸಣ್ಣ ಊರುಗಳಿಗೂ ಬಂದಿದೆ. ಆ ಕಾರು ಐದು ವರ್ಷಕ್ಕೆ ಹಳೆಯದಾಗುತ್ತದೆ, ಕಂತು ಏಳು ವರ್ಷ ಇರುತ್ತದೆ.

ನೆನಪಿಡಬೇಕಾದ ಇನ್ನೆರಡು ಕಾರು

ಮಕ್ಕಳಿಗೆ ಹೇಳಲು ಇನ್ನೆರಡು ಕಾರುಗಳಿವೆ. ಒಂದು, ನೇತಾಜಿ ಸುಭಾಷಚಂದ್ರ ಬೋಸರು 1941ರ ಜನವರಿಯಲ್ಲಿ ಕೋಲ್ಕತ್ತದ ಮನೆಯಿಂದ ಪೊಲೀಸರ ಕಣ್ಣು ತಪ್ಪಿಸಿ ಹೊರಟ ಜರ್ಮನಿಯ ವಾಂಡರರ್ ಕಾರು. ಅಣ್ಣನ ಮಗ ಶಿಶಿರ್ ಬೋಸ್ ರಾತ್ರಿ ಓಡಿಸಿ ಗೋಮೋ ರೈಲು ನಿಲ್ದಾಣ ಮುಟ್ಟಿಸಿದರು. 2017ರಲ್ಲಿ ಆ ಕಾರನ್ನು ಸರಿಪಡಿಸಿ ನೇತಾಜಿ ಭವನದಲ್ಲಿ ನಿಲ್ಲಿಸಿದರು.

ಎರಡನೆಯದು ಐಷಾರಾಮಿ ಅಲ್ಲ. ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಫಿಯಟ್. ಪ್ರಧಾನಿಯಾಗಿದ್ದಾಗ ಮನೆಯವರಿಗಾಗಿ ಕೊಂಡದ್ದು. ಬೆಲೆ 12,000 ರೂಪಾಯಿ. ಕೈಯಲ್ಲಿ 7,000 ಇತ್ತು, ಉಳಿದ 5,000ಕ್ಕೆ ಬ್ಯಾಂಕಿನಲ್ಲಿ ಸಾಲ ಮಾಡಿದರು. ಸಾಲ ತೀರುವ ಮೊದಲೇ 1966ರ ಜನವರಿಯಲ್ಲಿ ತೀರಿಕೊಂಡರು. ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ಆ ಸಾಲ ತೀರಿಸಿದರು. ಕಾರು ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿದೆ. 1964ರ ಮೇ 22ರಂದು ನಮ್ಮ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟವರು ಇದೇ ಶಾಸ್ತ್ರಿಯವರು. ಜಲಾಶಯಕ್ಕೂ ಅವರದೇ ಹೆಸರು. ಕಾಲುವೆಯ ನೀರು ಕಾಣುವ ನಮ್ಮ ಮಂದಿ ಆ 5,000 ರೂಪಾಯಿ ಸಾಲದ ಕಥೆಯನ್ನೂ ತಿಳಿದಿರಬೇಕು.

ಹಳೆಯ ಗಾಡಿ ಇರುವ ಮನೆಗಳಿಗೆ

ಹಿಂದಿನವರು ಕೊಂಡ ಜೀಪು, ಅಂಬಾಸಿಡರ್, ಫಿಯಟ್, ಲ್ಯಾಂಡ್‌ಮಾಸ್ಟರ್ ಗಾಡಿಗಳು ಕೆಲವು ಮನೆಗಳ ಹಿತ್ತಲಲ್ಲಿ, ಗೋದಾಮಿನಲ್ಲಿ ನಿಂತಿರಬಹುದು. ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕುವ ಮೊದಲು ಇದನ್ನು ಓದಿ.

ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ‘ವಿಂಟೇಜ್’ ವಾಹನಗಳಿಗೆ ಬೇರೆ ನೋಂದಣಿ ಮಾಡಿತು. ಮುಖ್ಯ ಅಂಶಗಳು ಇವು:

1. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಖಾಸಗಿ ವಾಹನಕ್ಕೆ ಮಾತ್ರ ಇದು ಅನ್ವಯ.

2. ಚಾಸಿ, ಬಾಡಿ, ಎಂಜಿನ್ ಮೂಲ ಸ್ಥಿತಿಯಲ್ಲೇ ಇರಬೇಕು. ದೊಡ್ಡ ಬದಲಾವಣೆ ಮಾಡಿದ್ದರೆ ನಡೆಯುವುದಿಲ್ಲ. ಹಳೆಯ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಹಾಕಿಸಿದ ಗಾಡಿಗಳು ಇಲ್ಲಿ ಹೊರಗೆ ಬೀಳುತ್ತವೆ.

3. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರು ನೋಂದಣಿಗೆ 5,000 ರೂಪಾಯಿ. ಅವಧಿ 10 ವರ್ಷ.

4. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಗುರುತು ಬರುತ್ತದೆ.

5. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲ್ ತುಂಬಿಸುವುದು, ದುರಸ್ತಿ ಇಷ್ಟಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ.

50 ವರ್ಷ ಆಗದ ಗಾಡಿಗೆ ಸಾಮಾನ್ಯ ನಿಯಮವೇ. ಖಾಸಗಿ ಕಾರಿಗೆ 15 ವರ್ಷದ ನಂತರ ಪರೀಕ್ಷೆ ಮಾಡಿಸಿ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು.

ಹೆಸರು ಬದಲಾವಣೆಯನ್ನು ಮಂದಿ ಹೆಚ್ಚು ಅಲಕ್ಷ್ಯ ಮಾಡುತ್ತಾರೆ. ರಾಜ್ಯದೊಳಗೆ ಮಾರಿದರೆ ಮಾರಿದವರು 14 ದಿನದೊಳಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ನಮೂನೆ 29 ಮತ್ತು 30 ಇದಕ್ಕೆ. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. 2021ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆ ಹಿಡಿದ ಐಷಾರಾಮಿ ಕಾರುಗಳಲ್ಲಿ ನಟ ಅಮಿತಾಭ್ ಬಚ್ಚನ್ ಮೊದಲು ಹೊಂದಿದ್ದ ರೋಲ್ಸ್ ರಾಯ್ಸ್ ಕೂಡ ಇತ್ತು. ಮಾರಾಟವಾಗಿ ಎರಡು ವರ್ಷ ಆಗಿದ್ದರೂ ದಾಖಲೆಯಲ್ಲಿ ನಟರ ಹೆಸರೇ ಉಳಿದಿತ್ತು. ಕೋಟಿ ಬೆಲೆಯ ಕಾರಿಗೇ ಹೀಗಾದರೆ ನಮ್ಮ ಹಳೆಯ ಜೀಪಿನ ಗತಿ ಏನು?

ಇನ್ನೊಂದು ಕೆಲಸ ಖರ್ಚಿಲ್ಲದ್ದು. ಗಾಡಿ ಯಾರು ಕೊಂಡರು, ಯಾವ ವರ್ಷ, ಎಷ್ಟಕ್ಕೆ, ಯಾವ ಮುನಿಸಂಘದ ಸೇವೆಗೆ, ಯಾವ ಪಂಚಕಲ್ಯಾಣಕ್ಕೆ, ಯಾರ ಮದುವೆಗೆ ಓಡಿತು ಎಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ ಒಂದು ವಹಿಯಲ್ಲಿ ಬರೆದಿಡಿ. ಹಳೆಯ ಆರ್‌ಸಿ ಪುಸ್ತಕ, ಕೊಂಡ ರಸೀದಿ, ಫೋಟೋ ಅದರ ಜೊತೆಗೆ ಇರಲಿ. ಸ್ಟೂಡಿಬೇಕರ್ ಕಂಪನಿಯ ಸಾವಿರಾರು ಕಾರು ಗುಜರಿಗೆ ಹೋದವು. ಧರ್ಮಸ್ಥಳದ ಕಾರಿಗೆ ಮಂದಿ ಕೈಮುಗಿಯುವುದು ಅದರಲ್ಲಿ ಕೂತವರು ಯಾರು ಎಂಬ ನೆನಪಿನಿಂದ. ನೆನಪು ಹೋದರೆ ಉಳಿಯುವುದು ತಗಡು. ಅಟ್ಟದ ಮೇಲಿನ ತಾಳೆಗರಿ, ಹಳೆಯ ಖತಾವಣಿಗಳಿಗೂ ಇದೇ ಮಾತು.

ಯಾತ್ರಿಕರಿಗೆ ಸೂಚನೆ

ರೈಲಿನಲ್ಲಿ ಹೋಗುವವರಿಗೆ ವಿಜಯಪುರದಿಂದ ಬಸವನ ಬಾಗೇವಾಡಿ ರೋಡ್, ಆಲಮಟ್ಟಿ, ಬಾಗಲಕೋಟೆ, ಹುಬ್ಬಳ್ಳಿ, ಹಾಸನ ಮಾರ್ಗವಾಗಿ ಮಂಗಳೂರಿಗೆ ರೈಲು ಇದೆ. ಸುಬ್ರಹ್ಮಣ್ಯ ರೋಡ್ ಅಥವಾ ಮುಂದಿನ ನಿಲ್ದಾಣದಲ್ಲಿ ಇಳಿದು ಬಸ್ಸು ಹಿಡಿಯಬಹುದು. ಸ್ವಂತ ಗಾಡಿಯಲ್ಲಿ ಹೋಗುವವರು ಮಳೆಗಾಲದಲ್ಲಿ ಚಾರ್ಮಾಡಿ ಘಟ್ಟದ ಸ್ಥಿತಿ ವಿಚಾರಿಸಿ ಹೊರಡಿ.

ಸಂಗ್ರಹ ಈಗ ಧರ್ಮಸ್ಥಳ ಮತ್ತು ಶ್ರೀರಂಗಪಟ್ಟಣ ಎರಡೂ ಕಡೆ ಇರುವುದರಿಂದ, ನೀವು ನೋಡಬೇಕೆಂದಿರುವ ಕಾರು ಎಲ್ಲಿದೆ, ವೇಳೆ ಏನು ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಕಾರು ಮುಟ್ಟಬೇಡಿ, ಮಕ್ಕಳನ್ನು ಹತ್ತಿಸಬೇಡಿ. ಹಳೆಯ ಬಣ್ಣಕ್ಕೆ ಕೈಯ ಬೆವರೇ ವೈರಿ. ಸೂರ್ಯಾಸ್ತದೊಳಗೆ ಊಟ ಮಾಡುವ ನೇಮ ಇದ್ದವರು ಸಂಗ್ರಹಾಲಯವನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡರೆ ಅನುಕೂಲ.

ಮಕ್ಕಳು ಆ ಪ್ರಶ್ನೆ ಕೇಳಿದಾಗ ಹೀಗೆ ಹೇಳಿ: ಕಾರು ಗಾಂಧೀಜಿಯದಲ್ಲ, ಕೊಟ್ಟವರು ಬೇರೆ. ಅವರು ಅದರಲ್ಲಿ ಕೂತು ಜನರ ಹತ್ತಿರ ಹೋದರು, ಕೆಲಸ ಮುಗಿದ ಮೇಲೆ ಇಳಿದು ನಡೆದರು. ಕಾರು ಉಳಿಸಿಕೊಂಡವರು ಅದನ್ನು ಎಲ್ಲರೂ ನೋಡಲೆಂದು ಇಟ್ಟಿದ್ದಾರೆ.